ಸೆಕೆಂಡ್ ಹ್ಯಾಂಡ್ ವೈಎಫ್‌ಜೆಡ್ 450ಆರ್ ತಗೋಬಹುದಾ?

ಬಿಸಿಲೂರವ:
ಎಲ್ರಿಗೂ ನಮಸ್ಕಾರ. ನಾನಿರೋದು ಅರಿಝೋನಾದ ಫೀನಿಕ್ಸ್‌ನಲ್ಲಿ, ಊರಲ್ಲಿ ಬುಲೆಟ್ ಓಡಿಸ್ತಿದ್ದೆ, ಕ್ವಾಡ್ (ನಾಲ್ಕು ಚಕ್ರದ ಬೈಕು) ಮಾತ್ರ ಫ್ರೆಂಡ್‌ದು ಆಗೊಮ್ಮೆ ಈಗೊಮ್ಮೆ ಓಡಿಸಿರೋದಷ್ಟೇ. ಇಲ್ಲೇ ಹತ್ರ ಒಬ್ರು 2014ರ ಯಮಹಾ ವೈಎಫ್‌ಜೆಡ್ 450ಆರ್ ಕ್ವಾಡ್ ಮಾರ್ತಿದಾರೆ, ಎಕ್ಸಾಸ್ಟ್ ಬೇರೆ ಹಾಕ್ಸಿದಾರೆ, ಇಂಜಿನ್ ಕೆಲಸ ಮಾಡ್ಸಿ ಆಗಿದೆ ಅಂತಾರೆ, ಬಿಲ್ ಕೇಳಿದ್ರೆ ಹುಡುಕ್ತೀನಿ ಅಂತಾರೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಕ್ಕೆ ಹೋಗೋ ಪ್ಲಾನ್. ಏನೇನು ನೋಡ್ಬೇಕು? ಇಲ್ಲಾ ಯಮಹಾದ್ದೇ ಇನ್ನೊಂದು ಕ್ವಾಡ್ ರಾಪ್ಟರ್ 700 ಹುಡುಕೋದೇ ವಾಸಿನಾ?

ಸ್ಪ್ಯಾನರ್ ಶೆಟ್ರು:
ಮೊದ್ಲು ಫೋನ್ ಮಾಡಿ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಡೌಟ್ ಪಡಿ. ಇಂಜಿನ್ ವಾಲ್ವ್‌ಗಳ ಗ್ಯಾಪ್ ಕಮ್ಮಿಯಾಗಿ ಟೈಟಾಗಿದ್ರೆ ತಣ್ಣಗಿದ್ದಾಗ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಅದನ್ನ ಮುಚ್ಚೋಕೆ ಬಿಸಿ ಮಾಡಿ ನಿಲ್ಸಿರ್ತಾರೆ. ಆಮೇಲೆ ಸೀಟ್ ಎತ್ತಿ ಏರ್ ಫಿಲ್ಟರ್ ತೆಗೆದು, ಅದರಾಚೆ ಇಂಜಿನ್ ಕಡೆ ಹೋಗೋ ಪೈಪೊಳಗೆ ಬೆರಳಾಡ್ಸಿ. ಕರಕರ ಅಂತ ಮರಳು ತಗುಲಿತೋ, ಪಿಸ್ಟನ್ ರಿಂಗು ಸಿಲಿಂಡರ್ ಎಲ್ಲಾ ಉಜ್ಜಿ ಹೋಗಿರುತ್ತೆ, ಚೌಕಾಸಿನೂ ಬೇಡ, ಬಂದ ದಾರೀಲೇ ವಾಪಸ್. ಆಯಿಲ್ ಹಾಲು ಹಾಕಿದ ಕಾಫಿ ಥರ ಇದ್ರೆ ಕೂಲೆಂಟ್ ಒಳಗೆ ಸೇರ್ತಿದೆ ಅಂತ ಅರ್ಥ. ಮುಂದಿನ ಚಕ್ರ ನೆಲದಿಂದ ಎತ್ತಿಸಿ ಅಲ್ಲಾಡ್ಸಿ, ಕಟಕಟ ಅಂದ್ರೆ ಬಾಲ್ ಜಾಯಿಂಟೋ ಬೇರಿಂಗೋ ಹೋಗಿದೆ, ಅದು ರಿಪೇರಿ ಆಗೋ ಖರ್ಚು, ರೇಟಲ್ಲಿ ಇಳಿಸ್ಕೊಳಿ. ಎ-ಆರ್ಮ್ (ಮುಂದಿನ ಚಕ್ರನ ಫ್ರೇಮ್‌ಗೆ ಸೇರ್ಸೋ ತೋಳು) ಕೂರೋ ಜಾಗದಲ್ಲಿ ಫ್ರೇಮ್‌ಗೆ ಅಲ್ಲಷ್ಟೇ ಹೊಸ ಪೇಂಟ್ ಇದ್ರೆ ಬಿರುಕು ಬಿಟ್ಟು ವೆಲ್ಡ್ ಮಾಡ್ಸಿರೋ ಚಾನ್ಸ್ ಜಾಸ್ತಿ.
ಬಿಲ್ ಇಲ್ದೇ ಇರೋ ಇಂಜಿನ್ ಕೆಲಸಕ್ಕೆ ನಾನಂತೂ ಒಂದು ಡಾಲರ್ ಹೆಚ್ಚು ಕೊಡಲ್ಲ.

ದಿಬ್ಬದ ಹುಚ್ಚ:
ನಿಮಗೆ ರಾಪ್ಟರೇ ಸರಿ ಗುರು. 686 ಸಿಸಿ, ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತೆ, ರಿವರ್ಸ್ ಗೇರೂ ಇದೆ. ವೈಎಫ್‌ಜೆಡ್ 449 ಸಿಸಿ ರೇಸ್ ಗಾಡಿ, ಆರ್‌ಪಿಎಂ ಏರಿಸ್ತಾನೇ ಇರ್ಬೇಕು, ರಿವರ್ಸ್ ಇಲ್ಲ, ದಿಬ್ಬದಲ್ಲಿ ಹೂತ್ಕೊಂಡ್ರೆ ಇಳಿದು ಎಳೀಬೇಕು. ಪ್ಯಾಡಲ್ ಟೈರ್ (ಮರಳಲ್ಲಿ ಓಡೋಕೆ ಹುಟ್ಟಿನಂಥ ಪಟ್ಟಿ ಇರೋ ಟೈರ್) ಜೊತೆಗೆ ಕೊಡ್ತಾರಾ ಕೇಳಿ. ಗ್ಲಾಮಿಸ್‌ನಲ್ಲಿ ಗಾಡಿಗೆ ನೆಲದಿಂದ 8 ಅಡಿ ಎತ್ತರಕ್ಕೆ ಬರೋ ಬಾವುಟದ ಕಂಬ ಕಡ್ಡಾಯ.

ಮೆಸಾ ಮಂಜ:
ಟೈಟಲ್ (ಗಾಡಿ ಮಾಲೀಕತ್ವದ ಪತ್ರ) ಇಲ್ದೇ ದುಡ್ಡು ಕೊಡ್ಬೇಡಿ, ಅರಿಝೋನಾದಲ್ಲಿ ಕ್ವಾಡ್‌ಗೂ ಟೈಟಲ್ ಬೇಕು. ಫ್ರೇಮ್ ಮೇಲೆ ಕೊರೆದಿರೋ ನಂಬರ್‌ಗೂ ಅದರಲ್ಲಿರೋದಕ್ಕೂ ತಾಳೆ ನೋಡಿ, ಉಜ್ಜಿ ಅಳಿಸಿದ್ರೆ ಕದ್ದ ಮಾಲಿರ್ಬಹುದು.

ಸಕಲೇಶಪುರದವ:
ಮಧ್ಯ ಬಾಯಿ ಹಾಕ್ತಿದೀನಿ, ತೋಟದಲ್ಲಿ ಗೊಬ್ಬರದ ಮೂಟೆ ಸಾಗಿಸೋಕೆ ಇಂಥದ್ದಾಗುತ್ತಾ?

ದಿಬ್ಬದ ಹುಚ್ಚ:
ಸರ್, ಇದಕ್ಕೆ ಮೂಟೆ ಇಡೋ ರ‍್ಯಾಕೇ ಇಲ್ಲ 😄 ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್. ನೀವು ಫೋರ್ ಬೈ ಫೋರ್ ಯುಟಿಲಿಟಿ ಗಾಡಿ ನೋಡಿ.