‘ಹಳೇ ಕ್ಯಾಮೆರಾ ಬದಲಾಯಿಸಿದರೆ ಗಿಟ್ಟುತ್ತಾ?’ – ಇಲ್ಲಿ ‘ಗಿಟ್ಟು’ ಸರಿಯಾ?

ಎಲ್ಲರಿಗೂ ನಮಸ್ಕಾರ.

ಹವ್ಯಾಸಕ್ಕೆ ಫೋಟೊ ತೆಗೆಯುವವರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. 2008ರ ನಿಕಾನ್ ಡಿ90 ಇಟ್ಟುಕೊಂಡವರು 2019ರ ಝಡ್50 ಕೊಳ್ಳಬೇಕಾ, ಬೇಡವಾ ಅನ್ನುವುದು ವಿಷಯ. ಮೇಲಿನ ತಲೆಬರಹ ನೋಡಿದ ಗೆಳೆಯರೊಬ್ಬರು, ‘ಗಿಟ್ಟೋದು ಅಂಗಡಿಯವರಿಗೆ, ನಮಗಲ್ಲ’ ಅಂದರು.

ಅವರ ಮಾತಲ್ಲಿ ಹುರುಳಿದೆ. ‘ಆ ರೇಟಿಗೆ ಗಿಟ್ಟಲ್ಲ ಸ್ವಾಮಿ’, ‘ಅಸಲೂ ಗಿಟ್ಟಲಿಲ್ಲ’ – ಎರಡರಲ್ಲೂ ಹಾಕಿದ ದುಡ್ಡು ವಾಪಸ್ ಬರುವ ಲೆಕ್ಕವಿದೆ. ಮದುವೆ ಫೋಟೊ ತೆಗೆಯುವವರಿಗೆ ಈ ಲೆಕ್ಕ ಸರಿಯೇ. ಛತ್ರದ ಮಂದ ಬೆಳಕಲ್ಲಿ ಡಿ90ಯ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ಕ್ಕೆ ಏರಿಸಿದರೆ ಚಿತ್ರ ತರಿತರಿಯಾಗುತ್ತದೆ. ಹೊಸದರಲ್ಲಿ ಅದೇ 3200ಕ್ಕೆ ಎಷ್ಟೋ ನುಣುಪಾಗಿ ಬರುತ್ತದೆ. ಆಲ್ಬಮ್ ಚೆನ್ನಾಗಿದ್ದರೆ ಇನ್ನೊಂದು ಆರ್ಡರ್ ಸಿಗುತ್ತದೆ, ಬಾಡಿಗೆ ಹಾಕಿದ ದುಡ್ಡು ಗಿಟ್ಟುತ್ತದೆ. (ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ತಿಂಗಳ ಬಾಡಿಗೆ ಅಂತ ಓದಿಕೊಳ್ಳಬೇಡಿ!) ಆದರೆ ಭಾನುವಾರ ಕೆರೆ ದಂಡೆಯಲ್ಲಿ ಹಕ್ಕಿ ತೆಗೆಯುವವರಿಗೆ ಏನು ಗಿಟ್ಟಬೇಕು?

ನನ್ನ ವಾದ ಇಷ್ಟು. ‘ಗಿಟ್ಟಿಸು’ ದುಡ್ಡಿನ ಹಂಗಿಲ್ಲದೆ ಬರುತ್ತದೆ: ಕೆಲಸ ಗಿಟ್ಟಿಸಿಕೊಂಡ, ಹೆಸರು ಗಿಟ್ಟಿಸಿಕೊಂಡ. ಹಾಗಿದ್ದ ಮೇಲೆ ಹವ್ಯಾಸದವರಿಗೂ ಒಳ್ಳೆ ಚಿತ್ರ ಗಿಟ್ಟಬಹುದು, ಅಲ್ವಾ? ‘ಸಾರ್ಥಕವೇ?’ ಅಂದರೆ ಸುಮ್ನೆ ಜನ್ಮ ಸಾರ್ಥಕದ ತನಕ ಹೋಗುತ್ತದೆ. ‘ಲಾಭವೇ?’ ಅಂದರೆ ಮತ್ತೆ ಅಂಗಡಿ. ಧಾರವಾಡದ ಕಡೆಯ ‘ಪರವಡಿಸಂಗಿಲ್ಲ’ ಕೇಳಿದ್ದೇನೆ. ಅದು ಕೈಗೆಟುಕದ ಬೆಲೆಯ ಮಾತೋ, ಕೊಟ್ಟಿದ್ದಕ್ಕೆ ತಕ್ಕ ಪ್ರಯೋಜನವಿಲ್ಲ ಅನ್ನುವ ಮಾತೋ? ಆ ಕಡೆಯವರು ದಯವಿಟ್ಟು ತಿಳಿಸಿ.

‘ಅಪ್‌ಗ್ರೇಡ್’ಗೆ ಪೇಪರಿನವರು ಬರೆಯುವ ‘ಮೇಲ್ದರ್ಜೆಗೇರಿಸು’ ನನಗೆ ಒಗ್ಗಲಿಲ್ಲ. ಆಸ್ಪತ್ರೆ ಮೇಲ್ದರ್ಜೆಗೇರಿದರೆ ಅದೇ ಆಸ್ಪತ್ರೆ ಉಳಿದು ಹಾಸಿಗೆ ಜಾಸ್ತಿಯಾಗುತ್ತವೆ. ಇಲ್ಲಿ ಹಳೇದು ಬೀರು ಸೇರುತ್ತದೆ. ದರ್ಜೆಯೂ ಅಷ್ಟೇನು ಏರುವುದಿಲ್ಲ. ಎರಡು ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಅಳತೆ ಹೆಚ್ಚುಕಮ್ಮಿ ಒಂದೇ. 12.3 ಮೆಗಾಪಿಕ್ಸೆಲ್ ಹೋಗಿ 20.9 ಬಂದಿದೆ, ನಿಜ. ಆದರೆ ಚಿತ್ರದ ಅಗಲ 4288 ಪಿಕ್ಸೆಲ್ ಇದ್ದದ್ದು 5568 ಆಗಿದೆ, ಶೇ 30ರಷ್ಟು ಜಾಸ್ತಿ. ಎ4 ಪ್ರಿಂಟಿಗೆ ಹಳೇದೇ ಧಾರಾಳ. ಹಾಗಾಗಿ ‘ಬದಲಾಯಿಸು’ ಎಂದೇ ಬರೆದಿದ್ದೇನೆ. ‘ನವೀಕರಣ’ವನ್ನು ಕ್ಯಾಮೆರಾದೊಳಗಿನ ಸಾಫ್ಟ್‌ವೇರಿಗೆ ಬಿಟ್ಟಿದ್ದೇನೆ.

ಇನ್ನೊಂದು ಜೋಡಿ: ಹಳೇ ಲೆನ್ಸ್ ಹೊಸ ಬಾಡಿಗೆ ‘ಕೂರುತ್ತೆ’, ‘ಹೊಂದುತ್ತೆ’. ಎರಡನ್ನೂ ಬೇರೆ ಬೇರೆ ಅರ್ಥದಲ್ಲಿ ಬಳಸಿದ್ದೇನೆ. ಬಹಳ ಜನರ ಹತ್ತಿರ ಇರುವ 50 ಎಂಎಂ ಎಫ್/1.8ಡಿ ಲೆನ್ಸನ್ನೇ ನೋಡಿ. ಅದರೊಳಗೆ ಮೋಟಾರಿಲ್ಲ. ಮೋಟಾರು ಡಿ90ಯ ಬಾಡಿಯಲ್ಲಿದೆ. ಲೆನ್ಸ್ ಕೂರುವ ಬಳೆಯ ಅಂಚಲ್ಲಿ ಸ್ಕ್ರೂಡ್ರೈವರ್ ತುದಿಯಂಥ ಸಣ್ಣ ಕಡ್ಡಿ ಕಾಣುತ್ತದೆ. ಅದು ತಿರುಗಿದಾಗ ಲೆನ್ಸಿನೊಳಗಿನ ಗಾಜು ಹಿಂದೆ ಮುಂದೆ ಸರಿದು ಫೋಕಸ್ ಆಗುತ್ತದೆ. ಝಡ್50ಗೆ ಎಫ್‌ಟಿಝಡ್ ಅಡಾಪ್ಟರ್ (ಹಳೇ ಲೆನ್ಸನ್ನು ಹೊಸ ಬಾಡಿಗೆ ಜೋಡಿಸುವ ಬಳೆ) ಹಾಕಿದರೆ ಇದೇ ಲೆನ್ಸ್ ಗಟ್ಟಿಯಾಗಿ ಕೂರುತ್ತದೆ, ಚಿತ್ರವೂ ಬರುತ್ತದೆ. ಆದರೆ ಅಡಾಪ್ಟರಿನಲ್ಲಿ ಆ ಕಡ್ಡಿ ಇಲ್ಲ. ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕು. ಹಾರುವ ಹಕ್ಕಿಗೆ ಅದು ಆಗದ ಮಾತು. ಅಂದರೆ ಲೆನ್ಸ್ ಕೂತಿದೆ, ಹೊಂದಿಲ್ಲ. ಅಡಾಪ್ಟರ್ ಇದೆಯಲ್ಲ ಅಂತ ಬಾಡಿ ತಗೊಂಡು, ಆಮೇಲೆ ಲೆನ್ಸಿಗೂ ದುಡ್ಡು ಹೊಂದಿಸುವವರು ಇದ್ದಾರೆ. ಅದಕ್ಕೇ ಈ ವ್ಯತ್ಯಾಸ ಎದ್ದು ಕಾಣಬೇಕು ಅನ್ನುವುದು ನನ್ನಾಸೆ. ಎರಡೇ ಪದದಲ್ಲಿ ಇದು ಓದುವವರಿಗೆ ಹೊಳೆಯುತ್ತಾ, ಇಲ್ಲ ಬಿಡಿಸಿ ಹೇಳಬೇಕಾ?

ತಲೆಬರಹಕ್ಕೆ ‘ಹಳೇದು ಸಾಕಾ, ಹೊಸದು ಬೇಕಾ?’ ಅನ್ನುವುದನ್ನೂ ಬರೆದಿಟ್ಟುಕೊಂಡಿದ್ದೇನೆ. ಆದರೆ ‘ಗಿಟ್ಟು’ ಬಿಡಲು ಮನಸ್ಸಿಲ್ಲ. ದುಡ್ಡಿನ ಲೆಕ್ಕವಿಲ್ಲದ ಕಡೆ ‘ಗಿಟ್ಟುತ್ತೆ’, ‘ಗಿಟ್ಟಲ್ಲ’ ಅನ್ನುವುದನ್ನು ನಿಮ್ಮ ಕಡೆ ಕೇಳಿದ್ದರೆ, ಆಡಿದ ವಾಕ್ಯವನ್ನು ಹಾಗೇ ಬರೆದು ಕಳಿಸಿ.