‘ಅಸ್ಥಿರ’ ಅಂದರೆ ಅಲುಗಾಡುವುದೇ?

ಕಾಗುಣಿತ:
ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಮೊನ್ನೆ ಒಂದು ಏಣಿಯ ಕೈಪಿಡಿ ಬಂತು. ‘ಏಣಿ ಅಸ್ಥಿರವಾಗಿದ್ದರೆ ಹತ್ತಬೇಡಿ’ ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ. “ಏಣಿ ಏನು ಸರ್ಕಾರಾನಾ, ಅಸ್ಥಿರ ಆಗೋಕೆ?” ಅಂದರು. ನಗು ಬಂತು, ತಲೆಯೂ ಕೆಟ್ಟಿತು. ‘ಅಲುಗಾಡುತ್ತಿದ್ದರೆ’ ಎಂದು ತಿದ್ದಿದೆ. ಈಗ ಇನ್ನೊಂದು ಅನುಮಾನ. ಇವೆರಡೂ ಒಂದೇನಾ? ಒಂದೇ ಆದರೆ ದಿನದ ಮಾತಿನಲ್ಲಿ ಅಸ್ಥಿರಕ್ಕೆ ಏನು ಕೆಲಸ?

ಹಳೇ ಮೇಷ್ಟ್ರು:
ಅಮ್ಮನ ಕಿವಿ ಚುರುಕಾಗಿದೆ. ಆದರೆ ಎರಡೂ ಒಂದೇ ಅಲ್ಲ ಮಾರಾಯರೇ.

ನಾನು ಭೌತಶಾಸ್ತ್ರ ಹೇಳಿಕೊಟ್ಟವನು. ಪ್ರತಿ ವರ್ಷ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಮೊನೆಯ ಮೇಲೆ ನಿಲ್ಲಿಸಿ ಅನ್ನುತ್ತಿದ್ದೆ. ಮೇಲಿನ ತುದಿಗೆ ಬೆರಳು ಒತ್ತಿ, ಉಸಿರು ಬಿಗಿಹಿಡಿದು ನಿಲ್ಲಿಸುತ್ತಿದ್ದರು. ಪೆನ್ಸಿಲ್ ಒಂಚೂರೂ ಅಲುಗಾಡುತ್ತಿರಲಿಲ್ಲ. ಬೆರಳು ತೆಗೆದರೆ ಸಾಕು, ಟಪ್ ಅಂತ ಬೀಳುತ್ತಿತ್ತು. ಆಮೇಲೆ ಬಟ್ಟಲಿಗೆ ಒಂದು ಗೋಲಿ ಹಾಕಿ ತಟ್ಟುತ್ತಿದ್ದೆ. ಅದು ಅತ್ತಿತ್ತ ಓಲಾಡಿ ಓಲಾಡಿ ಮತ್ತೆ ತಳಕ್ಕೇ ಬಂದು ಕೂರುತ್ತಿತ್ತು. ಈಗ ಹೇಳಿ, ಅಸ್ಥಿರ ಯಾವುದು? ಅಲುಗಾಡದ ಪೆನ್ಸಿಲ್ಲೇ.

ಇಂಗಾಲದ ಒಂದು ವಿಕಿರಣಶೀಲ ರೂಪ ಇಂಗಾಲ-14. ಅದು ಕೂಡ ಹಾಗೇ. ಅದರ ಪರಮಾಣುವಿನ ಬೀಜ (ನ್ಯೂಕ್ಲಿಯಸ್) ಅಸ್ಥಿರ ಅಂತ ಪಠ್ಯದಲ್ಲಿ ಓದಿರುತ್ತೀರಿ. ಒಂದು ರಾಶಿಯಲ್ಲಿ ಅರ್ಧ ಕರಗೋಕೆ ಸುಮಾರು 5,730 ವರ್ಷ ಬೇಕು. ಅಷ್ಟು ತಾಳ್ಮೆ ಇರೋದನ್ನೂ ಅಸ್ಥಿರ ಅಂತಲೇ ಕರೆಯುತ್ತೇವೆ ನೋಡಿ!

‘ಸ್ಥಿರ’ದ ಬೇರು ಸಂಸ್ಕೃತದ ‘ಸ್ಥಾ’. ಅಂದರೆ ನಿಲ್ಲು. ಅಸ್ಥಿರ ಅಂದರೆ ಇದ್ದ ಹಾಗೇ ನಿಲ್ಲುತ್ತೆ ಅಂತ ನಂಬಲಾಗದ್ದು. ಅಲುಗಾಟ ಕಣ್ಣಿಗೆ ಕಾಣುತ್ತದೆ, ಅಸ್ಥಿರತೆಯನ್ನು ಊಹಿಸಬೇಕು.

ಸುದ್ದಿಮನೆ:
ನಾನು ಸುದ್ದಿ ತಿದ್ದುವವಳು. ‘ಸರ್ಕಾರ ಅಸ್ಥಿರ’ ಅಂದರೆ ಬೆಂಬಲದ ಲೆಕ್ಕ ಯಾವಾಗ ಬೇಕಾದರೂ ತಪ್ಪಬಹುದು ಅಂತ. ‘ಕುರ್ಚಿ ಅಲುಗಾಡುತ್ತಿದೆ’ ಅಂದರೆ ಯಾರೋ ಆಗಲೇ ಕೈ ಹಾಕಿದ್ದಾರೆ ಅಂತ! ಮೇಷ್ಟ್ರು ಹೇಳಿದ್ದು ಇಲ್ಲೂ ಸರಿಹೋಗುತ್ತದೆ.

ಒಂದು ತಮಾಷೆ ಗಮನಿಸಿ. ರೋಗಿಯ ಸ್ಥಿತಿ ‘ಸ್ಥಿರವಾಗಿದೆ’ ಅಂತ ದಿನಾ ಬರೆಯುತ್ತೇವೆ. ಹದಗೆಟ್ಟರೆ ‘ಅಸ್ಥಿರ’ ಅನ್ನಲ್ಲ, ‘ಗಂಭೀರ’ ಅನ್ನುತ್ತೇವೆ. ಮನಸ್ಸಿನ ವಿಷಯಕ್ಕೆ ಬಂದರೆ ‘ಹೊಯ್ದಾಟ’ವೇ ಚೆಂದ. ಗಾಳಿಗೆ ಸಿಕ್ಕ ದೀಪ ಹೊಯ್ದಾಡುತ್ತೆ, ಹೋಗಲೋ ಬೇಡವೋ ಅಂತ ಮನಸ್ಸೂ ಹೊಯ್ದಾಡುತ್ತೆ. ‘ಡೋಲಾಯಮಾನ’ವೂ ಅದೇ, ಡೋಲಾ ಅಂದರೆ ಉಯ್ಯಾಲೆ. ಆದರೆ ಅದನ್ನು ತಲೆಬರಹಕ್ಕೆ ಹಾಕಬೇಡಿ, ಜಾಸ್ತಿ ಜಾಗ ತಿನ್ನುತ್ತೆ.

ಬಾಯಿಚಪಲ:
ನನ್ನ ಹೆಸರಿನ ಬಗ್ಗೆಯೂ ಒಂದು ಮಾತು. ಸಂಸ್ಕೃತದಲ್ಲಿ ಚಪಲ ಅಂದರೆ ಒಂದು ಕಡೆ ನಿಲ್ಲದ್ದು, ಹೆಚ್ಚುಕಡಿಮೆ ಚಂಚಲ. ಕನ್ನಡದಲ್ಲಿ ಚಂಚಲ ಹಾಗೇ ಉಳಿಯಿತು, ಚಪಲ ಮಾತ್ರ ಆಸೆಯ ಕಡೆ ಜಾರಿತು. ತಿನ್ನುವ ಚಪಲ, ಮಾತಿನ ಚಪಲ. ಅಸ್ಥಿರ ಅನ್ನೋ ಅರ್ಥದ ಪದವೇ ಸ್ಥಿರವಾಗಿ ನಿಲ್ಲಲಿಲ್ಲ!

ಹಳೇ ಮೇಷ್ಟ್ರು:
ಏಣಿಗೆ ಬನ್ನಿ. ಮೆತ್ತಗಿನ ಮಣ್ಣಿನ ಮೇಲೆ ಇಟ್ಟ ಏಣಿ ಮುಟ್ಟಿದಾಗ ಅಲುಗಾಡದೇ ಇರಬಹುದು. ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಒಂದು ಕಾಲು ಕುಸಿಯುತ್ತದೆ. ‘ಅಲುಗಾಡುತ್ತಿದ್ದರೆ’ ಅಂತಷ್ಟೇ ಬರೆದರೆ ಓದಿದವರು ಧೈರ್ಯವಾಗಿ ಹತ್ತುತ್ತಾರೆ, ಅಲ್ವಾ?

ಕಾಗುಣಿತ:
ಅಯ್ಯೋ, ಅದು ಹೊಳೆದೇ ಇರಲಿಲ್ಲ. ಎರಡೂ ಪದ ತೆಗೆದುಹಾಕಿದೆ. ‘ಏಣಿ ಗಟ್ಟಿ ನೆಲದ ಮೇಲೆ ಭದ್ರವಾಗಿ ನಿಂತಿದೆಯೇ ನೋಡಿ, ಆಮೇಲೆ ಹತ್ತಿ’ ಎಂದು ಬರೆದು ಮತ್ತೆ ಅಮ್ಮನಿಗೆ ಓದಿದೆ.

“ಇದನ್ನ ಮೊದಲೇ ಬರೆಯೋಕೆ ಏನಾಗಿತ್ತು ನಿಂಗೆ?” ಅಂದರು.