ಅಪ್‌ಡೇಟ್: ಬದನೆ ಮಡಿಗೆ ಹಸಿ ಸಗಣಿ, ಆಮೇಲೆ ನೊಣ ಮತ್ತು ಬಿಳಿ ಹುಳ

ಹಸಿ ಸಗಣಿ ಹಾಕಿದ ಬದನೆ ಮಡಿಯಲ್ಲಿ ನೊಣ ಮುತ್ತಿವೆ, ಮಣ್ಣಲ್ಲಿ ಬಿಳಿ ಹುಳಗಳಿವೆ, ಔಷಧಿ ಹೊಡೀಬೇಕಾ ಅಂತ ಕೇಳಿದ್ದೆ. ಹೊಡೆಯಲಿಲ್ಲ, ಅಗತ್ಯವೂ ಬೀಳಲಿಲ್ಲ.

ನೊಣದ್ದು ಸುಲಭ. ಸೆಕೆಗಾಲದಲ್ಲಿ ಮೊಟ್ಟೆ ನೊಣವಾಗೋಕೆ 7ರಿಂದ 10 ದಿನ ಸಾಕು. ಸಗಣಿ ಕೆರೆದು ತಿಪ್ಪೆಗೆ ಹಾಕಿ, ಎರಡು ಪಾಲು ಒಣ ಎಲೆ ಬೆರೆಸಿ, ವಾರದೊಳಗೆ ಒಮ್ಮೆ ಮಗುಚಬೇಕು. ರಾಶಿಯ ನಡುವೆ 55 ಡಿಗ್ರಿ ದಾಟಿದರೆ ಮರಿಹುಳ ಬದುಕಲ್ಲ. ಅಂಚು ಮಾತ್ರ ತಣ್ಣಗಿರುತ್ತೆ, ಅವು ಬೆಳೆಯೋದೂ ಅಲ್ಲೇ. ಮಗುಚುವಾಗ ಅಂಚಿನದ್ದು ಒಳಗೆ ಹೋಗದಿದ್ದರೆ ಶ್ರಮ ದಂಡ.

ಬಿಳಿ ಹುಳ ಕಂಡ ಕೂಡಲೇ ಬೇರು ತಿನ್ನುವ ಗೊಣ್ಣೆಹುಳು ಅಂದುಕೊಳ್ಳಬೇಡಿ. ಸಮತಟ್ಟು ನೆಲದ ಮೇಲೆ ಬಿಟ್ಟು ನೋಡಿ. ಅಂಗಾತ ಮಲಗಿ ಬೆನ್ನ ಮೇಲೆ ತೆವಳಿದರೆ ಅದು ಹೂಜೀರುಂಡೆಯ ಮರಿ. ಕೊಳೆತದ್ದನ್ನೇ ತಿನ್ನುತ್ತೆ, ತಿಪ್ಪೆಗೆ ಒಳ್ಳೆಯದು. (ಹೆಬ್ಬೆರಳು ದಪ್ಪದ್ದು ರೈನೋಸರಸ್ ದುಂಬಿಯದ್ದಾಗಿರಬಹುದು. ಹತ್ತಿರ ತೆಂಗಿದ್ದರೆ ಕೊಲ್ಲಿ, ದೊಡ್ಡದಾದ ಮೇಲೆ ಸುಳಿ ಕೊರೆಯುತ್ತೆ.) ಬಾಡಿದ ಗಿಡದ ಬುಡದಲ್ಲಿ, ಕಡಿದ ಬೇರಿನ ಪಕ್ಕ ಸುರುಳಿಯಾಗಿ ಸಿಗೋದು ನಿಜವಾದ ಗೊಣ್ಣೆ. ಅದನ್ನು ಕೈಯಿಂದ ಆರಿಸಿ, 100 ಕೆಜಿ ಕಳಿತ ಗೊಬ್ಬರಕ್ಕೆ 2 ಕೆಜಿ ಮೆಟಾರೈಜಿಯಂ (ಹುಳಕ್ಕೆ ರೋಗ ತರುವ ಶಿಲೀಂಧ್ರ) ಪುಡಿ ಲೆಕ್ಕದಲ್ಲಿ ಬೆರೆಸಿ, ನೆರಳಲ್ಲಿ ಒಂದು ವಾರ ತೇವವಾಗಿಟ್ಟು ಬುಡಕ್ಕೆ ಕೊಡಿ. ಬಿಸಿಯಿರುವ ಹಸಿ ಸಗಣಿಗೆ ಬೆರೆಸಿದರೆ ಶಿಲೀಂಧ್ರವೇ ಸಾಯುತ್ತೆ.

ಇನ್ನೊಂದು: ಹಸಿ ಸಗಣಿ ಬಿದ್ದ ಮಡಿಯಲ್ಲಿ ಮೂಲಂಗಿ, ಕೊತ್ತಂಬರಿ ಬೆಳೆದರೆ ಸಗಣಿ ಹಾಕಿದ ದಿನದಿಂದ ಕೊಯ್ಲಿಗೆ 120 ದಿನದ ಅಂತರವಿರಲಿ.